ಧಾನ್ಯದ ಪಕ್ಕದಲ್ಲಿಟ್ಟ ವಿಷ

ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಕೀಟನಾಶಕ ಸಿಂಪಡಿಸುವುದಕ್ಕೆ ‘ಔಷಧಿ ಹೊಡೆಯುವುದು’ ಎಂದು ಹೆಸರು. ಅದನ್ನು ಮಾರುವ ಅಂಗಡಿಯೂ ಔಷಧಿ ಅಂಗಡಿಯೇ. ಒಂದು ವಸ್ತುವಿಗೆ ನಾವು ಇಡುವ ಹೆಸರು ಅದರ ಬಗೆಗಿನ ಎಚ್ಚರವನ್ನು ಹೆಚ್ಚಿಸಲೂಬಹುದು, ಕುಗ್ಗಿಸಲೂಬಹುದು. ಔಷಧಿ ಎಂದು ಕರೆದ ವಸ್ತುವನ್ನು ಅಡುಗೆಮನೆಯ ಅಟ್ಟದ ಮೇಲೆ ಇಡಲು ಯಾರ ಕೈಯೂ ಅಳುಕುವುದಿಲ್ಲ; ವಿಷವೆಂದು ಕರೆದಿದ್ದರೆ ಅಳುಕುತ್ತಿತ್ತು. ಈ ಔಷಧಿಗಳಲ್ಲಿ ರಂಜಕದ ಸಂಯುಕ್ತಗಳ ಒಂದು ದೊಡ್ಡ ಕುಟುಂಬವಿದೆ. ಶಾಸ್ತ್ರಜ್ಞರು ಅದನ್ನು ಆರ್ಗನೋಫಾಸ್ಫೇಟ್ ಎನ್ನುತ್ತಾರೆ. ಪ್ಯಾರಾಥಿಯಾನ್, ಮ್ಯಾಲಾಥಿಯಾನ್, ಮೊನೋಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಇವೆಲ್ಲ ಆ ಕುಟುಂಬದವು. ಇವುಗಳ ಇತಿಹಾಸವನ್ನು, ಅದರಲ್ಲೂ ಧಾನ್ಯ ಸಂಗ್ರಹಿಸುವವರು, ಮಾರುವವರು, ಸಮುದಾಯಕ್ಕೆ ಅನ್ನ ಬಡಿಸುವವರು ತಿಳಿಯಬೇಕಾದ ಭಾಗವನ್ನು, ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಿದ್ದೇನೆ.

ಪ್ರಯೋಗಶಾಲೆಯಿಂದ ಯುದ್ಧರಂಗಕ್ಕೆ

ರಂಜಕದ ಇಂತಹ ಸಂಯುಕ್ತವೊಂದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಫಿಲಿಪ್ ದ ಕ್ಲೆರ್ಮಾಂ 1854ರಷ್ಟು ಹಿಂದೆಯೇ ವರದಿ ಮಾಡಿದ್ದನು. ಅದರ ವಿಷಗುಣ ಆಗ ಯಾರ ಗಮನಕ್ಕೂ ಬರಲಿಲ್ಲ. 1932ರಲ್ಲಿ ಜರ್ಮನಿಯ ವಿಲ್ಲಿ ಲಾಂಗೆ ಮತ್ತು ಅವನ ಶಿಷ್ಯೆ ಗೆರ್ಡಾ ಫಾನ್ ಕ್ರ್ಯೂಗರ್ ಇಂತಹದೇ ಬೇರೆ ಸಂಯುಕ್ತಗಳನ್ನು ತಯಾರಿಸುವಾಗ, ಅವುಗಳ ಆವಿ ತಗುಲಿದರೆ ಉಸಿರು ಕಟ್ಟುವುದನ್ನೂ ದೃಷ್ಟಿ ಮಸುಕಾಗುವುದನ್ನೂ ಕಂಡು ದಾಖಲಿಸಿದರು.

ಆಮೇಲೆ ಬಂದವನು ಗೆರ್ಹಾರ್ಡ್ ಶ್ರಾಡರ್. ಐ.ಜಿ. ಫಾರ್ಬೆನ್ ಎಂಬ ಜರ್ಮನ್ ಉದ್ಯಮದಲ್ಲಿ ಅವನಿಗೆ ವಹಿಸಿದ್ದ ಕೆಲಸ ಹೊಸ ಕೀಟನಾಶಕಗಳನ್ನು ಹುಡುಕುವುದು. 1936ರ ಡಿಸೆಂಬರಿನಲ್ಲಿ ಅವನು ತಯಾರಿಸಿದ ಒಂದು ದ್ರವ ಕೀಟಗಳನ್ನು ಕೊಲ್ಲುವುದರಲ್ಲಿ ಅಸಾಧಾರಣವಾಗಿತ್ತು. ಮುಂದಿನ ತಿಂಗಳು ಅದರ ಸಂಪರ್ಕಕ್ಕೆ ಬಂದ ಶ್ರಾಡರನಿಗೂ ಅವನ ಸಹಾಯಕನಿಗೂ ಕಣ್ಣಿನ ಪಾಪೆ ಕುಗ್ಗಿ, ಉಸಿರಾಟ ಕಷ್ಟವಾಯಿತು. ಜರ್ಮನ್ ಸೈನ್ಯ ಆ ದ್ರವವನ್ನು ತನ್ನ ವಶಕ್ಕೆ ತೆಗೆದುಕೊಂಡು ಟಬುನ್ ಎಂಬ ಹೆಸರಿನಲ್ಲಿ ಯುದ್ಧಾಸ್ತ್ರವಾಗಿ ಬೆಳೆಸಿತು. 1938ರಲ್ಲಿ ಅದೇ ಶೋಧದ ಸಾಲಿನಲ್ಲಿ ಸಾರಿನ್ ಹುಟ್ಟಿತು. ಬೆಳೆಯನ್ನು ಕಾಯಲು ಹೊರಟ ವಿದ್ಯೆ ಎರಡೇ ವರ್ಷಗಳಲ್ಲಿ ಮನುಷ್ಯಸಂಹಾರದ ವಿದ್ಯೆಯಾದುದು ಹೀಗೆ.

ಶ್ರಾಡರ್ ಮಾತ್ರ ಕೀಟನಾಶಕದ ಹುಡುಕಾಟವನ್ನು ಬಿಡಲಿಲ್ಲ. 1944ರಲ್ಲಿ ಅವನು ಕಂಡುಹಿಡಿದ ‘ಇ 605’ ಎಂಬ ಸಂಯುಕ್ತವೇ ಪ್ಯಾರಾಥಿಯಾನ್. ಯುದ್ಧ ಮುಗಿದ ಮೇಲೆ ಗೆದ್ದ ರಾಷ್ಟ್ರಗಳು ಈ ವಿದ್ಯೆಯನ್ನು ಕೊಂಡೊಯ್ದವು. ಕೆಲವೇ ವರ್ಷಗಳಲ್ಲಿ ಪ್ಯಾರಾಥಿಯಾನ್ ಜಗತ್ತಿನ ಹೊಲಗಳಿಗೆ ಹರಡಿತು; ಭಾರತಕ್ಕೆ ಅದು ‘ಫಾಲಿಡಾಲ್’ ಎಂಬ ವ್ಯಾಪಾರನಾಮದಿಂದ ಬಂದಿತು.

ಇದು ಇಷ್ಟು ಬೇಗ ಹರಡಲು ಒಂದು ಕಾರಣವಿತ್ತು. ಆ ಕಾಲದ ಇನ್ನೊಂದು ಪ್ರಸಿದ್ಧ ಕೀಟನಾಶಕವಾದ ಡಿ.ಡಿ.ಟಿ. ಮಣ್ಣಿನಲ್ಲಿಯೂ ಪ್ರಾಣಿಗಳ ಕೊಬ್ಬಿನಲ್ಲಿಯೂ ವರ್ಷಗಟ್ಟಲೆ ಉಳಿಯುತ್ತದೆ. ರಂಜಕದ ಕೀಟನಾಶಕಗಳು ಬಿಸಿಲು, ನೀರು, ಮಣ್ಣಿನ ಸೂಕ್ಷ್ಮಜೀವಿಗಳ ಪ್ರಭಾವದಿಂದ ಹೋಲಿಕೆಯಲ್ಲಿ ಬೇಗ ಒಡೆಯುತ್ತವೆ. ಡಿ.ಡಿ.ಟಿ.ಯ ದೋಷಗಳು ಬಯಲಾದಂತೆ ಇವು ಅದರ ಸ್ಥಾನಕ್ಕೆ ಬಂದವು. ಉಳಿಕೆಯ ದೋಷ ಕಡಮೆಯಾಯಿತು. ಆದರೆ ತಕ್ಷಣದ ವಿಷತ್ವ ಹೆಚ್ಚಾಯಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ದೀರ್ಘಾವಧಿಯ ಸಾಲವನ್ನು ತೀರಿಸಲು ದರ್ಶನಿ ಹುಂಡಿ ಬರೆದುಕೊಟ್ಟಂತಾಯಿತು.

ವಿಷದ ಕಾರ್ಯವಿಧಾನ

ನಮ್ಮ ದೇಹದಲ್ಲಿ ನರದಿಂದ ಸ್ನಾಯುವಿಗೆ, ಗ್ರಂಥಿಗೆ ಆಜ್ಞೆ ತಲಪುವುದು ಅಸಿಟೈಲ್‌ಕೋಲಿನ್ ಎಂಬ ರಸದ ಮೂಲಕ. ಆಜ್ಞೆ ತಲಪಿದ ಕ್ಷಣವೇ ಆ ರಸವನ್ನು ಒಡೆದು ಅಳಿಸಿಹಾಕಲು ಒಂದು ಕಿಣ್ವವಿದೆ. ಅದರ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಕೈ ಎತ್ತಬೇಕೆಂದರೆ ಆಜ್ಞೆ ಬರಬೇಕು. ಎತ್ತಿದ ಕೈ ಇಳಿಯಬೇಕೆಂದರೆ ಆ ಆಜ್ಞೆ ಅಳಿಯಬೇಕು. ರಂಜಕದ ಕೀಟನಾಶಕವು ಈ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಆಗ ಆಜ್ಞೆಗಳು ಅಳಿಯದೆ ಒಂದರ ಮೇಲೊಂದು ಬೀಳುತ್ತವೆ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು, ವಾಂತಿ, ಭೇದಿ, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುತ್ತದೆ, ಸ್ನಾಯುಗಳು ಅದುರಿ ಸೋಲುತ್ತವೆ, ಶ್ವಾಸನಾಳಗಳು ದ್ರವದಿಂದ ತುಂಬುತ್ತವೆ. ಕೊನೆಗೆ ಉಸಿರಾಟ ನಿಂತು ಮರಣವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ರಸ, ಈ ಕಿಣ್ವ ಕೀಟದಲ್ಲೂ ಇವೆ, ಹಕ್ಕಿಯಲ್ಲೂ ಇವೆ, ಮನುಷ್ಯನಲ್ಲೂ ಇವೆ. ಎಲೆಯ ಮೇಲಿನ ಹುಳುವಿನ ಪ್ರಾಣವೂ ಅದಕ್ಕೆ ವಿಷವೆರೆಯುವವನ ಪ್ರಾಣವೂ ಒಂದೇ ಬಗೆಯ ಎಳೆಯಲ್ಲಿ ತೂಗುತ್ತಿವೆ ಎಂಬುದನ್ನು ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರ ಹೀಗೆ ತೋರಿಸಿಕೊಟ್ಟಿತು. ಆದುದರಿಂದ ವಿಷಕ್ಕೆ ಶತ್ರು ಮಿತ್ರ ಎಂಬ ವಿವೇಚನೆ ಇಲ್ಲ. ಆ ವಿವೇಚನೆಯ ಹೊಣೆಯೆಲ್ಲವೂ ಅದನ್ನು ಕೈಯಲ್ಲಿ ಹಿಡಿದವನದು.

ಕುಟುಂಬದ ಎಲ್ಲ ಸದಸ್ಯರೂ ಸಮಾನವಾಗಿ ಉಗ್ರರಲ್ಲ ಎಂಬುದನ್ನೂ ಹೇಳಬೇಕು. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣವನ್ನು ವಿಷತ್ವದ ಅಳತೆಯಾಗಿ ಇಟ್ಟುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ದೇಹತೂಕದ ಒಂದು ಕಿಲೋಗ್ರಾಮಿಗೆ ಪ್ಯಾರಾಥಿಯಾನಿನ ಈ ಅಳತೆ 13 ಮಿಲಿಗ್ರಾಂ, ಮೊನೋಕ್ರೊಟೊಫಾಸಿನದು 14 ಮಿಲಿಗ್ರಾಂ, ಮ್ಯಾಲಾಥಿಯಾನಿನದು 2100 ಮಿಲಿಗ್ರಾಂ. 1950ರ ಸುಮಾರಿಗೆ ಅಮೆರಿಕೆಯಿಂದ ಬಂದ ಮ್ಯಾಲಾಥಿಯಾನನ್ನು ಸಸ್ತನಿಗಳ ದೇಹವು ಬೇಗ ಒಡೆದು ಹೊರಹಾಕಬಲ್ಲದು. ಕೀಟಗಳಿಗೆ ಆ ಶಕ್ತಿ ಕಡಮೆ. ಪ್ಯಾರಾಥಿಯಾನಿನ ವಿಷಯದಲ್ಲಿ ಇದಕ್ಕೆ ವಿರುದ್ಧ. ನಮ್ಮ ಯಕೃತ್ತೇ ಅದನ್ನು ಪ್ಯಾರಾಕ್ಸಾನ್ ಎಂಬ ಇನ್ನಷ್ಟು ಉಗ್ರವಾದ ವಿಷವಾಗಿ ಮಾರ್ಪಡಿಸುತ್ತದೆ. ಅದು ಚರ್ಮದ ಮೂಲಕವೂ ಒಳಸೇರುತ್ತದೆ. ನೀರಿನಲ್ಲಿ ಅಷ್ಟಾಗಿ ಕರಗದ ಎಣ್ಣೆಯಂತಹ ದ್ರವವಾದುದರಿಂದ, ಸೋರಿದರೆ ಚೀಲದ ನೂಲಿನಲ್ಲಿ, ಮರದ ಹಲಗೆಯಲ್ಲಿ ಇಂಗಿ ಕುಳಿತುಕೊಳ್ಳುತ್ತದೆ.

1958ರ ಕೇರಳ

ಹೀಗೆ ಇಂಗಿ ಕುಳಿತ ವಿಷ ಏನು ಮಾಡಬಲ್ಲದೆಂಬುದನ್ನು ಭಾರತ 1958ರಲ್ಲಿ ಕಂಡಿತು. ಆ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕೇರಳದಲ್ಲಿಯೂ ನೆರೆಯ ಮದರಾಸು ರಾಜ್ಯದಲ್ಲಿಯೂ ಜನರು ಊಟ ಮಾಡಿದ ಸ್ವಲ್ಪ ಹೊತ್ತಿನಲ್ಲೇ ವಾಂತಿ, ಬೆವರು, ಉಸಿರುಕಟ್ಟುವಿಕೆಯಿಂದ ಕುಸಿದುಬಿದ್ದರು. ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಕಾರಣ ಅವರು ತಿಂದ ಹಿಟ್ಟು. ಸಾಗಾಟದಲ್ಲಿ ಆಹಾರ ಸಾಮಗ್ರಿಯನ್ನೂ ಪ್ಯಾರಾಥಿಯಾನನ್ನೂ ಒಟ್ಟಿಗೆ ಇಟ್ಟಿದ್ದರು. ವಿಷ ಸೋರಿ ಆಹಾರಕ್ಕೆ ಸೇರಿತ್ತು. ಭಾರತದ ಕೀಟನಾಶಕಗಳ ಇತಿಹಾಸದಲ್ಲಿ ದಾಖಲಾದ ಮೊದಲ ದೊಡ್ಡ ದುರಂತ ಇದು.

ಈ ಘಟನೆಯನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಅದರ ಭೀಕರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಲ್ಲಿ ಯಾರೂ ಯಾರನ್ನೂ ಕೊಲ್ಲಲು ಬಯಸಿರಲಿಲ್ಲ. ಕಲಬೆರಕೆ ಮಾಡಿ ಲಾಭ ಹೊಡೆಯಬೇಕೆಂಬ ಆಸೆಯೂ ಇಲ್ಲಿ ಕಾಣದು. ಸರಕು ತುಂಬಿದವರು ಇದ್ದ ಜಾಗದಲ್ಲಿ ತುಂಬಿದರು, ಇಳಿಸಿದವರು ಇಳಿಸಿದರು, ಅಂಗಡಿಯವರು ತೂಗಿ ಕೊಟ್ಟರು, ಮನೆಯವರು ಅಡುಗೆ ಮಾಡಿದರು. ಪ್ರತಿಯೊಬ್ಬರೂ ತಮ್ಮ ನಿತ್ಯದ ಕೆಲಸವನ್ನೇ ಮಾಡಿದ್ದರು. ಒಂದು ವಸ್ತುವನ್ನು ಇನ್ನೊಂದರ ಪಕ್ಕದಲ್ಲಿ ಇಟ್ಟವನ ಕೈ ಆ ಕ್ಷಣದಲ್ಲಿ ಯೋಚಿಸಲಿಲ್ಲ ಎಂಬುದಷ್ಟೇ ದೋಷ. ಅಷ್ಟಕ್ಕೆ ನೂರು ಮನೆಗಳು ಬರಿದಾದವು.

ದುರಂತದಿಂದ ಹುಟ್ಟಿದ ಕಾನೂನು

ಕೇಂದ್ರ ಸರ್ಕಾರ ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜೆ.ಸಿ. ಷಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತು. ಇವರೇ ಮುಂದೆ 1970ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದವರು. ಆಯೋಗದ ಶಿಫಾರಸುಗಳ ಬಳಿಕ ಪ್ರೊ. ಎಂ.ಎಸ್. ಥ್ಯಾಕರ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯೊಂದು ವಿಷಯವನ್ನು ಪರಿಶೀಲಿಸಿತು. ಇವೆಲ್ಲದರ ಫಲವೇ 1968ರ ಕೀಟನಾಶಕಗಳ ಅಧಿನಿಯಮ ಮತ್ತು 1971ರ ನಿಯಮಗಳು. ದುರಂತಕ್ಕೂ ನಿಯಮಗಳು ಜಾರಿಗೆ ಬಂದುದಕ್ಕೂ ನಡುವೆ ಹದಿಮೂರು ವರ್ಷಗಳು ಕಳೆದಿದ್ದವು.

ಆ ನಿಯಮಗಳನ್ನು ಓದಿದವರಿಗೆ 1958ರ ಕೇರಳದ ನೆನಪು ಅಲ್ಲಲ್ಲಿ ಕಾಣುತ್ತದೆ. ಆಹಾರಪದಾರ್ಥಕ್ಕಾಗಲೀ ಪಶು ಆಹಾರಕ್ಕಾಗಲೀ ತಾಗುವ ರೀತಿಯಲ್ಲಿ ಕೀಟನಾಶಕವನ್ನು ಸಾಗಿಸಬಾರದು. ಅದನ್ನು ಇತರ ಸರಕುಗಳಿಂದ ದೂರವಾಗಿ ಬೇರೆ ಕೊಠಡಿಯಲ್ಲಿ, ಇಲ್ಲವೇ ಬೀಗ ಹಾಕಿದ ಬೇರೆ ಬೀರುವಿನಲ್ಲಿ ಇಡಬೇಕು. ಖಾಲಿ ಡಬ್ಬಿಗಳನ್ನು ಮತ್ತೆ ಬಳಸಲಾಗದಂತೆ ಒಡೆದು, ಜನವಸತಿಯಿಂದ ದೂರದಲ್ಲಿ ಹೂಳಬೇಕು. ಡಬ್ಬಿಯ ಮೇಲೆ ವಜ್ರಾಕಾರದ ಗುರುತೊಂದಿರಬೇಕು. ಅದರ ಕೆಳಭಾಗದ ಬಣ್ಣ ವಿಷದ ಮಟ್ಟವನ್ನು ಸೂಚಿಸುತ್ತದೆ. ಕೆಂಪು ಅತ್ಯಂತ ಉಗ್ರ, ಆಮೇಲೆ ಹಳದಿ, ಅನಂತರ ನೀಲಿ, ಕೊನೆಗೆ ಹಸಿರು. ಕೆಂಪು ಗುರುತಿನೊಂದಿಗೆ ತಲೆಬುರುಡೆ ಮತ್ತು ಮೂಳೆಗಳ ಚಿತ್ರವೂ ಇರುತ್ತದೆ. ಓದು ಬಾರದ ಕೂಲಿಗೂ ಇದು ಅರ್ಥವಾಗಲೆಂದು ಮಾಡಿದ ಏರ್ಪಾಡು. ಹಸಿರು ಎಂದರೆ ನಿರಪಾಯವೆಂದು ಭಾವಿಸಬಾರದು. ಉಳಿದವುಗಳಿಗಿಂತ ಕಡಮೆ ಎಂದಷ್ಟೇ ಅದರ ಅರ್ಥ.

ಸೌಮ್ಯವೆನಿಸಿದ್ದೂ ಉಗ್ರವಾದಾಗ

ಮ್ಯಾಲಾಥಿಯಾನ್ ಸೌಮ್ಯವೆಂದು ಮೇಲೆ ಹೇಳಿದೆ. 1976ರಲ್ಲಿ ಪಾಕಿಸ್ತಾನದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಅದನ್ನು ಸಿಂಪಡಿಸುತ್ತಿದ್ದ ಸುಮಾರು 7500 ಕಾರ್ಮಿಕರ ಪೈಕಿ ಅಂದಾಜು 2800 ಮಂದಿ ವಿಷಪ್ರಾಶನಕ್ಕೆ ತುತ್ತಾದರು, ಐವರು ಮೃತರಾದರು. ಸರಕಿನಲ್ಲಿ ಐಸೊಮ್ಯಾಲಾಥಿಯಾನ್ ಮೊದಲಾದ ಕಲ್ಮಶಗಳು ಸೇರಿದ್ದುದನ್ನು ಪರೀಕ್ಷೆಗಳು ತೋರಿಸಿದವು. ಬಿಸಿಯಲ್ಲಿ ಶೇಖರಿಸಿಟ್ಟಾಗ ಇಂತಹ ಕಲ್ಮಶಗಳು ಬೆಳೆಯುತ್ತವೆ. ದೇಹವು ಮ್ಯಾಲಾಥಿಯಾನನ್ನು ಒಡೆಯುವ ಶಕ್ತಿಯನ್ನೇ ಅವು ಕುಂಠಿತಗೊಳಿಸುತ್ತವೆ. ಹೆಸರು ಅದೇ, ಚೀಟಿ ಅದೇ. ಒಳಗಿನ ವಸ್ತು ಮಾತ್ರ ಬೇರೆಯಾಗಿತ್ತು. ಧಾನ್ಯದ ಗೋದಾಮುಗಳಲ್ಲಿ ಹುಳುವಿನ ನಿವಾರಣೆಗೆ ಗೋಡೆಗಳಿಗೂ ಚೀಲದ ರಾಶಿಗಳಿಗೂ ಸಿಂಪಡಿಸಲು ಬಹುಕಾಲ ಬಳಕೆಯಾದುದು ಇದೇ ಮ್ಯಾಲಾಥಿಯಾನ್. ಅವಧಿ ಮೀರಿದ ಡಬ್ಬಿಯನ್ನು ‘ಹಳೆಯದಾದರೆ ಶಕ್ತಿ ಕಡಮೆ, ಅಪಾಯವೂ ಕಡಮೆ’ ಎಂದು ತಿಳಿದು ಬಳಸುವವರು ಈ ಘಟನೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಎರಡು ಪಂಕ್ತಿಭೋಜನಗಳು

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಅಸುನೀಗಿದರು. ಅಡುಗೆಯ ಎಣ್ಣೆಯಲ್ಲಿ ಮೊನೋಕ್ರೊಟೊಫಾಸ್ ಇದ್ದುದನ್ನು ವಿಧಿವಿಜ್ಞಾನ ಪರೀಕ್ಷೆ ಸಿದ್ಧಪಡಿಸಿತು. ಕೀಟನಾಶಕ ತುಂಬಿದ್ದ ಡಬ್ಬಿಯಲ್ಲಿ ಎಣ್ಣೆಯನ್ನು ಇಟ್ಟಿರಬೇಕೆಂದು ತನಿಖಾಧಿಕಾರಿಗಳು ಹೇಳಿದರು. ಕೇರಳದ ದುರಂತವಾಗಿ ಐವತ್ತೈದು ವರ್ಷಗಳಾಗಿದ್ದವು, ನಿಯಮಗಳು ಬಂದು ನಾಲ್ವತ್ತೆರಡು ವರ್ಷಗಳಾಗಿದ್ದವು. ಆದರೂ ಅದೇ ಬಗೆಯ ಅಜಾಗರೂಕತೆ ಮತ್ತೆ ಅನ್ನದ ತಟ್ಟೆಗೆ ಬಂದಿತು.

ಎರಡನೆಯದು ನಮ್ಮ ರಾಜ್ಯದ್ದು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಪ್ರಸಾದ ಸ್ವೀಕರಿಸಿದ ಭಕ್ತರಲ್ಲಿ 17 ಮಂದಿ ತೀರಿಕೊಂಡರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಪ್ರಸಾದದಲ್ಲಿ ಕಂಡುಬಂದದ್ದು ಅದೇ ಮೊನೋಕ್ರೊಟೊಫಾಸ್. ಟ್ರಸ್ಟಿನ ಒಳಜಗಳದಿಂದ ಉದ್ದೇಶಪೂರ್ವಕವಾಗಿ ವಿಷ ಬೆರೆಸಲಾಯಿತೆಂಬುದು ಪೊಲೀಸರ ಆರೋಪ. ಅದರ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ಸಂತರ್ಪಣೆ ನಡೆಸುವ ಎಲ್ಲ ದೇವಾಲಯಗಳ, ಬಸದಿಗಳ ಆಡಳಿತದವರು ಇದರಿಂದ ತಿಳಿಯಬೇಕಾದದ್ದು ಬೇರೊಂದಿದೆ. ಪಾಕಶಾಲೆಗೆ ಯಾರು ಹೋಗುತ್ತಾರೆ, ಯಾರು ಬರುತ್ತಾರೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂಬುದು ಲೆಕ್ಕಪತ್ರದಷ್ಟೇ ಗಂಭೀರವಾದ ವಿಷಯ. ಹುಂಡಿಗೆ ಎರಡು ಬೀಗ ಹಾಕುವ ನಾವು ಅನ್ನದ ಹಂಡೆಯನ್ನು ತೆರೆದಿಡುತ್ತೇವೆ.

ಇಡುವ ಕೈ, ಉಣ್ಣುವ ಬಾಯಿ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತವನ್ನು ದೃಢಪಡಿಸುವ ಐದು ಭಾವನೆಗಳನ್ನು ಹೇಳಿದೆ. ಅವುಗಳಲ್ಲಿ ಎರಡು ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಒಂದು ಆದಾನನಿಕ್ಷೇಪಣ ಸಮಿತಿ, ಎಂದರೆ ವಸ್ತುವನ್ನು ತೆಗೆಯುವಾಗ, ಇಡುವಾಗ ಎಚ್ಚರದಿಂದಿರುವುದು. ಇನ್ನೊಂದು ಆಲೋಕಿತಪಾನಭೋಜನ, ಎಂದರೆ ನೋಡಿ ಪರೀಕ್ಷಿಸಿ ಉಣ್ಣುವುದು. ನಮ್ಮ ಮನೆಗಳಲ್ಲಿ ಎರಡನೆಯದಕ್ಕೆ ಕೊಟ್ಟ ಮಹತ್ತ್ವ ದೊಡ್ಡದು. ನೀರನ್ನು ಸೋಸುತ್ತೇವೆ, ಧಾನ್ಯವನ್ನು ಹಸನು ಮಾಡುತ್ತೇವೆ, ಹಗಲಿನ ಬೆಳಕಿನಲ್ಲೇ ಉಣ್ಣುತ್ತೇವೆ. ಆದರೆ ಹಿಟ್ಟಿನಲ್ಲಿ ಬೆರೆತ ಪ್ಯಾರಾಥಿಯಾನ್ ಬೆಳಕಿಗೂ ಕಾಣದು, ಬಟ್ಟೆಯ ಸೋಸಣಿಗೆಗೂ ಸಿಗದು. ಕೇರಳದ ಆ ಮನೆಗಳಲ್ಲಿ ಉಂಡವರು ಎಷ್ಟು ಪರೀಕ್ಷಿಸಿ ಉಂಡಿದ್ದರೂ ಅವರ ಪ್ರಾಣ ಉಳಿಯುತ್ತಿರಲಿಲ್ಲ. ಉಣ್ಣುವವನ ಎಚ್ಚರ ಸೋಲುವಲ್ಲಿ ಇಡುವವನ ಎಚ್ಚರ ಒಂದೇ ರಕ್ಷೆ. ಕಣ್ಣಿಗೆ ಕಾಣದ ವಿಷಗಳ ಈ ಯುಗದಲ್ಲಿ ಮೊದಲನೆಯ ಭಾವನೆಯ ಭಾರ ಹೆಚ್ಚಿದೆ. ಅದು ಅಂಗಡಿಯವನ, ಉಗ್ರಾಣಿಯ, ಟ್ರಸ್ಟಿಯ ಹೆಗಲ ಮೇಲಿದೆ.

ವಿಷದ ವ್ಯಾಪಾರದ ಬಗ್ಗೆಯೂ ಆಚಾರ್ಯರು ಮೌನವಾಗಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹಿಂಸಾದಾನವೆಂಬ ಅನರ್ಥದಂಡವನ್ನು ವಿವರಿಸುವಾಗ ಕತ್ತಿ, ಬೆಂಕಿ, ಬಿಲ್ಲುಗಳ ಜೊತೆಗೆ ವಿಷವನ್ನೂ ಹೆಸರಿಸಿದ್ದಾರೆ. ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ಜೀವಿಕೆಗಳ ಪಟ್ಟಿಯಲ್ಲಿ ವಿಷವಾಣಿಜ್ಯವೂ ಒಂದು. ಹಾಗಾದರೆ ಕೃಷಿಯನ್ನೇ ನಂಬಿದ ನಮ್ಮ ಬಂಧುಗಳು ಏನು ಮಾಡಬೇಕು? ಬೆಳೆಗೆ ಹುಳು ಬಿದ್ದಾಗ ರೈತನ ಸಂಕಟ ಸಣ್ಣದಲ್ಲ. ಗೃಹಸ್ಥನ ಉದ್ಯೋಗದಲ್ಲಿ ಅನಿವಾರ್ಯವಾಗಿ ಆಗುವ ಹಿಂಸೆಗೂ ಸಂಕಲ್ಪಪೂರ್ವಕವಾದ ಹಿಂಸೆಗೂ ವ್ಯತ್ಯಾಸವನ್ನು ನಮ್ಮ ಶಾಸ್ತ್ರವೇ ಮಾಡಿದೆ. ಆದರೆ ಅನಿವಾರ್ಯವೆಂಬ ಮಾತಿಗೂ ಒಂದು ಗಡಿಯಿದೆ. ಮೊನೋಕ್ರೊಟೊಫಾಸಿನಂತಹ ಉಗ್ರ ವಿಷಗಳಿಲ್ಲದೆ ಕೃಷಿ ಸಾಧ್ಯವೇ ಇಲ್ಲ ಎಂದವರಿಗೆ ಶ್ರೀಲಂಕಾ ಉತ್ತರ ಕೊಟ್ಟಿದೆ. ಆ ದೇಶ 1995ರ ಹೊತ್ತಿಗೆ ಮೊನೋಕ್ರೊಟೊಫಾಸ್ ಸೇರಿದಂತೆ ಅತ್ಯುಗ್ರ ಕೀಟನಾಶಕಗಳನ್ನು ನಿಲ್ಲಿಸಿತು. ಹತ್ತು ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಬೆಳೆಯ ಇಳುವರಿ ಕುಸಿಯಲಿಲ್ಲ. ಒಂದು ಕ್ಷಣದ ದುಃಖದಲ್ಲಿ ಕೈಗೆ ಸಿಗುವಷ್ಟು ಹತ್ತಿರ ಇಂತಹ ವಿಷ ಇಲ್ಲದಿದ್ದರೆ ಎಷ್ಟು ಜೀವಗಳು ಉಳಿಯುತ್ತವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನಮ್ಮ ದೇಶವೂ ನಿಧಾನವಾಗಿ ಆ ದಾರಿಯಲ್ಲಿ ನಡೆದಿದೆ. ಮೊನೋಕ್ರೊಟೊಫಾಸನ್ನು ತರಕಾರಿಗಳ ಮೇಲೆ ಬಳಸುವುದನ್ನು ಮೊದಲು ನಿಷೇಧಿಸಲಾಯಿತು. 2018ರ ಆದೇಶದಿಂದ ಮೀಥೈಲ್ ಪ್ಯಾರಾಥಿಯಾನ್, ಫೆಂಥಿಯಾನ್, ಡಯಾಜಿನಾನ್ ನಿಂತವು. ಅದೇ ಆದೇಶದ ಪ್ರಕಾರ 2020ರ ಕೊನೆಗೆ ಫೋರೇಟ್, ಡೈಕ್ಲೋರ್‌ವಾಸ್, ಫಾಸ್ಫಾಮಿಡಾನ್, ಟ್ರಯಾಜೊಫಾಸ್ ನಿಂತವು. 2023ರಲ್ಲಿ ಮೊನೋಕ್ರೊಟೊಫಾಸಿನ ಶೇಕಡಾ 36ರ ದ್ರಾವಣವನ್ನೂ, ಇದ್ದ ದಾಸ್ತಾನು ಮುಗಿಸಲು ಅವಧಿ ಕೊಟ್ಟು, ಹಿಂತೆಗೆದುಕೊಳ್ಳುವ ಆದೇಶ ಹೊರಟಿತು. ಆದರೆ ಆದೇಶ ಹೊರಟ ಮಾತ್ರಕ್ಕೆ ಅಟ್ಟದ ಮೇಲಿನ ಹಳೆಯ ಡಬ್ಬಿ ಮಾಯವಾಗುವುದಿಲ್ಲ.

ಮಾಡಬೇಕಾದದ್ದು

ಧಾನ್ಯದ ವ್ಯಾಪಾರಿಗಳು ಕೀಟನಾಶಕವನ್ನು ಅದೇ ಸೂರಿನ ಕೆಳಗೆ ಇಡಬಾರದು. ಅದನ್ನು ಹೊತ್ತ ಲಾರಿಯಲ್ಲಿ ಧಾನ್ಯವನ್ನು ಹೇರಬಾರದು. ಕಲೆಯಿರುವ, ಬೆಳ್ಳುಳ್ಳಿಯಂತಹ ಕಟುವಾಸನೆಯ ಚೀಲ ಬಂದರೆ ಅದನ್ನು ದರ ಇಳಿಸಿ ಮಾರುವುದಲ್ಲ, ಬೇರೆಯಿಟ್ಟು ಅಧಿಕಾರಿಗಳಿಗೆ ತಿಳಿಸುವುದು ಧರ್ಮ. ಒಂದು ಚೀಲದ ನಷ್ಟವನ್ನು ಖಾತೆಯಲ್ಲಿ ಬರೆಯಬಹುದು. ಹೋದ ಜೀವವನ್ನು ಬರೆಯಲು ಯಾವ ಖಾತೆಯೂ ಇಲ್ಲ. ಕೃಷಿಕರ ಮನೆಗಳಲ್ಲಿ ಕೀಟನಾಶಕವನ್ನು ಮೂಲ ಡಬ್ಬಿಯಲ್ಲೇ, ಬೀಗದೊಳಗೆ, ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಕುಡಿಯುವ ನೀರಿನ ಬಾಟಲಿಗೆ ಸುರಿದಿಡುವುದು ಮಹಾಪ್ರಮಾದ. ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಎಣ್ಣೆಗೆ, ತುಪ್ಪಕ್ಕೆ, ನೀರಿಗೆ ಬಳಸಬಾರದು.

ಬಸದಿಯ ಭೂಮಿಯನ್ನು ಗೇಣಿಗೆ ಕೊಟ್ಟಿರುವ ಟ್ರಸ್ಟುಗಳು ಅಲ್ಲಿ ಏನು ಸಿಂಪಡಿಸುತ್ತಾರೆಂಬುದನ್ನು ಕೇಳಿ ತಿಳಿಯಬೇಕು. ಸಿಂಪಡಿಸುವ ಕೂಲಿಯೂ ಪಂಚೇಂದ್ರಿಯ ಜೀವವೇ. ಉಗ್ರಾಣದಲ್ಲಿ ಧಾನ್ಯವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಗಳಲ್ಲಿ, ಬೇವಿನ ಎಲೆಯೊಡನೆ, ಮೂರು ನಾಲ್ಕು ತಿಂಗಳಿಗೆ ಬೇಕಾದಷ್ಟೇ ಇಟ್ಟರೆ ವಿಷದ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ. ಹುಳು ಹುಟ್ಟಿದ ಮೇಲೆ ಕೊಲ್ಲುವುದಕ್ಕಿಂತ ಹುಟ್ಟದಂತೆ ಶುಚಿಯಾಗಿಡುವುದು ನಮ್ಮ ಹಿರಿಯರ ಪದ್ಧತಿ.

ಯಾರಿಗಾದರೂ ವಿಷ ತಗುಲಿದ ಸಂಶಯ ಬಂದರೆ, ಉಪಚರಿಸುವವರು ತಮ್ಮ ಕೈಗೆ ರಕ್ಷಣೆ ಮಾಡಿಕೊಂಡು, ಬಟ್ಟೆ ತೆಗೆದು, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಡಬ್ಬಿಯನ್ನೂ ಜೊತೆಗೊಯ್ದು ಕೂಡಲೇ ಆಸ್ಪತ್ರೆ ಸೇರಿಸಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ಅಟ್ರೋಪಿನ್ ಎಂಬ ಔಷಧ ಈ ವಿಷಕ್ಕೆ ಪ್ರತಿವಿಷ. ಬೇಗ ತಲಪಿದವರಲ್ಲಿ ಅನೇಕರು ಬದುಕಿದ್ದಾರೆ.

ಹಿಂಸೆ ಎಂದರೆ ಆಯುಧ ಎತ್ತಿದ ಕೈಯ ಚಿತ್ರ ನಮ್ಮ ಕಣ್ಣೆದುರು ಬರುತ್ತದೆ. 1958ರ ಏಪ್ರಿಲಿನಲ್ಲಿ ಹಿಂಸೆ ನಡೆದದ್ದು ಸರಕು ಇಳಿಸಿಟ್ಟ ಕೈಯಿಂದ. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಹೇಳಿದ್ದನ್ನು ಸ್ವಾಧ್ಯಾಯದಲ್ಲಿ ಓದಿ ಮುಗಿಸುವುದು ಸುಲಭ. ಓದಿದ ಸಂಜೆಯೇ ಉಗ್ರಾಣದ ಬಾಗಿಲು ತೆರೆದು, ಯಾವುದರ ಪಕ್ಕದಲ್ಲಿ ಯಾವುದು ಇದೆ ಎಂದು ನೋಡಿದವನಿಗೆ ಆ ಸ್ವಾಧ್ಯಾಯ ಫಲಿಸಿದಂತೆ.